ಪ್ರಶ್ನೋತ್ತರ: ಕೊನೆಗೆ ತೀರ್ಪು ಯಾರದು?

ಸರ್ಕಾರವೇ ಇಲ್ಲದಿದ್ದರೆ ಮನುಷ್ಯ ಹೇಗಿರುತ್ತಿದ್ದ, ಸರ್ಕಾರಕ್ಕೆ ನಮ್ಮ ಮೇಲೆ ಅಧಿಕಾರ ಬಂದದ್ದಾದರೂ ಎಲ್ಲಿಂದ? ಜನ ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಸರ್ಕಾರ ಕಟ್ಟಿದರು ಎಂದು ವಾದಿಸಿದ ಯುರೋಪಿನ ಚಿಂತಕರಾದ ಹಾಬ್ಸ್, ಲಾಕ್, ರೂಸೋ ಈ ಬಗ್ಗೆ ಹೇಳಿದ್ದನ್ನು ಪರಿಚಯಿಸುವ ಲೇಖನ ಹಿಂದಿನ ಸಂಚಿಕೆಯಲ್ಲಿತ್ತು. ಅದನ್ನು ಓದಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ.

"ಹಾಬ್ಸ್ ಪ್ರಕಾರ ಮನುಷ್ಯ ಕೆಟ್ಟವ, ಲಾಕ್ ಪ್ರಕಾರ ಒಳ್ಳೆಯವ, ರೂಸೋ ಪ್ರಕಾರ ಮುಗ್ಧ ಎಂದು ಮೂರು ಕಾಲಂ ಹಾಕಿ ಹೋಲಿಕೆ ಬರೆದಿದ್ದೆ. 'ಮೇಲ್ನೋಟದ ಉತ್ತರ' ಎಂದು ಷರಾ ಬರೆದು ಅಂಕ ಕಡಿಮೆ ಕೊಟ್ಟಿದ್ದಾರೆ. ಎಲ್ಲಿ ತಪ್ಪಿದೆ?"
— ಎಂ.ಎ. ವಿದ್ಯಾರ್ಥಿನಿ, ಬಳ್ಳಾರಿ

ಗೈಡ್‌ಗಳಲ್ಲಿ ವರ್ಷಗಳಿಂದ ಅಚ್ಚಾಗುತ್ತಿರುವ ಕೋಷ್ಟಕವಿದು. ಮೂಲ ಪುಸ್ತಕದ ಎರಡು ಪುಟ ತೆರೆದರೂ ಇದು ನಿಲ್ಲುವುದಿಲ್ಲ.

ಮೊದಲು ಹಾಬ್ಸ್. 1651ರ 'ಲೆವಯಥನ್'ನ 13ನೇ ಅಧ್ಯಾಯದಲ್ಲಿ ಆತ ಜಗಳಕ್ಕೆ ಮೂರು ಕಾರಣ ಕೊಡುತ್ತಾನೆ: ಪೈಪೋಟಿ, ಅಪನಂಬಿಕೆ, ಪ್ರತಿಷ್ಠೆ. ಇವುಗಳಲ್ಲಿ ಎರಡನೆಯದೇ ಮುಖ್ಯ. ನನಗೆ ನಿಮ್ಮದೇನೂ ಬೇಡ. ಆದರೆ ನೀವು ನನ್ನ ಮೇಲೆ ಬೀಳುವುದಿಲ್ಲವೆಂಬ ಭರವಸೆ ನನಗಿಲ್ಲ, ನನ್ನ ಬಗ್ಗೆ ನಿಮಗೂ ಇಲ್ಲ. ಆಗ ಮೊದಲೇ ಕೈಯೆತ್ತುವುದು ಇಬ್ಬರಿಗೂ ಜಾಣತನವಾಗಿ ಕಾಣುತ್ತದೆ. ಇದಕ್ಕೆ ಯಾರೂ ದುಷ್ಟರಾಗಿರಬೇಕಿಲ್ಲ. ಮನುಷ್ಯನ ಆಸೆ ಆಕಾಂಕ್ಷೆಗಳು ತಮ್ಮಷ್ಟಕ್ಕೆ ಪಾಪವಲ್ಲ ಎಂದು ಹಾಬ್ಸ್ ಅದೇ ಅಧ್ಯಾಯದಲ್ಲಿ ಬಿಡಿಸಿ ಹೇಳಿದ್ದಾನೆ. ಅನುಮಾನವಿದ್ದವರು ತಮ್ಮ ಮನೆಯನ್ನೇ ನೋಡಿಕೊಳ್ಳಲಿ ಎನ್ನುತ್ತಾನೆ: ಕಾನೂನಿದೆ, ಕಾವಲಿದೆ, ಆದರೂ ಮಲಗುವಾಗ ಬಾಗಿಲು ಹಾಕುತ್ತೀರಿ. ಮನೆಯೊಳಗೆ ಇರುವವರು ನಿಮ್ಮ ಮಕ್ಕಳು, ಆಳುಗಳು, ಆದರೂ ಪೆಟ್ಟಿಗೆಗೆ ಬೀಗ ಹಾಕುತ್ತೀರಿ. ನಾನು ಬಾಯಲ್ಲಿ ಹೇಳಿದ್ದನ್ನು ನೀವು ಕೈಯಲ್ಲಿ ಮಾಡುತ್ತಿದ್ದೀರಿ, ಅಷ್ಟೇ!

ಲಾಕ್‌ನ ಸರ್ಕಾರದ ಕುರಿತ ಎರಡನೇ ಪ್ರಬಂಧ ಅಚ್ಚಾದದ್ದು 1689ರ ಕೊನೆಯಲ್ಲಿ. ಮುಖಪುಟದಲ್ಲಿ 1690 ಎಂದಿದೆ, ಲೇಖಕನ ಹೆಸರಿಲ್ಲ. ನಿಸರ್ಗ ಸ್ಥಿತಿ (ಸರ್ಕಾರವೇ ಇಲ್ಲದ ಸ್ಥಿತಿ) ಬೇರೆ, ಯುದ್ಧ ಸ್ಥಿತಿ ಬೇರೆ ಎಂದು ಆತ ಹೇಳಿದ್ದು ನಿಜ. ಆದರೆ 123ನೇ ಪರಿಚ್ಛೇದದಲ್ಲಿ, ಬಹುಪಾಲು ಜನ ನ್ಯಾಯ ನೀತಿಯನ್ನು ಕಟ್ಟುನಿಟ್ಟಾಗಿ ಪಾಲಿಸುವವರಲ್ಲ, ಹೀಗಾಗಿ ಆ ಸ್ಥಿತಿಯಲ್ಲಿ ಆಸ್ತಿಗೆ ಭದ್ರತೆ ಇಲ್ಲ ಎಂದೂ ಬರೆಯುತ್ತಾನೆ. ಅಷ್ಟೊಂದು ಒಳ್ಳೆಯವರೇ ಆಗಿದ್ದರೆ ಸರ್ಕಾರ ಯಾಕೆ ಬೇಕಿತ್ತು? ಮುಂದಿನ ಮೂರು ಪರಿಚ್ಛೇದಗಳಲ್ಲಿ ಕೊರತೆಗಳ ಪಟ್ಟಿ ಕೊಡುತ್ತಾನೆ: ಎಲ್ಲರಿಗೂ ಗೊತ್ತಿರುವ ಸ್ಥಿರ ಕಾನೂನು ಇಲ್ಲ, ಎರಡೂ ಕಡೆಗೆ ಸೇರದ ನ್ಯಾಯಾಧೀಶ ಇಲ್ಲ, ತೀರ್ಪನ್ನು ಜಾರಿ ಮಾಡುವ ಬಲ ಇಲ್ಲ.

ರೂಸೋನ 1755ರ 'ಅಸಮಾನತೆ' ಪ್ರಬಂಧದ ಆದಿಮಾನವ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಒಂಟಿಯಾಗಿ ಅಲೆಯುವ ಅವನಿಗೆ ಒಳಿತು ಕೆಡುಕಿನ ಗೊಡವೆಯೇ ಇಲ್ಲ. ಅವನಲ್ಲಿರುವುದು ತನ್ನನ್ನು ಉಳಿಸಿಕೊಳ್ಳುವ ಕಾಳಜಿ ಮತ್ತು ನರಳುವವರನ್ನು ಕಂಡರೆ ಮರುಕ. ಇನ್ನೊಬ್ಬರ ಕಣ್ಣಲ್ಲಿ ದೊಡ್ಡವನಾಗಬೇಕೆಂಬ ಹಪಾಹಪಿ ಹುಟ್ಟುವುದು ಜನ ಒಟ್ಟಿಗೆ ಬಾಳತೊಡಗಿದ ಮೇಲೆ. ಬೇಲಿ ಹಾಕಿ 'ಇದು ನನ್ನದು' ಎಂದವನ ಮಾತನ್ನು ಉಳಿದವರು ನಂಬಿದಲ್ಲಿಂದ ಅದು ಬಲಿಯುತ್ತಾ ಹೋಗುತ್ತದೆ.

ಹಾಗಾದರೆ ಕಾಲಂಗಳಿಗೆ ಏನು ತಲೆಬರಹ ಕೊಡಬೇಕು? 'ಒಳ್ಳೆಯ, ಕೆಟ್ಟ' ತೆಗೆದುಹಾಕಿ. ಒಬ್ಬೊಬ್ಬನಿಗೂ ಇವನ್ನು ಕೇಳಿ: ಜಗಳ ಹುಟ್ಟುವುದು ಯಾವುದರಿಂದ, ಜನ ಬಿಟ್ಟುಕೊಡುವುದು ಏನನ್ನು, ಯಾರಿಗೆ, ಪಡೆದವನು ತಪ್ಪು ಮಾಡಿದರೆ ತೀರ್ಪು ಕೊಡುವವರು ಯಾರು. ಕೊನೆಯದಕ್ಕೇ ಅರ್ಧ ಪುಟ ಮೀಸಲಿಡಿ. ಮೂವರೂ ನಿಜವಾಗಿ ಬೇರೆಯಾಗುವುದು ಅಲ್ಲಿ. ಹಾಬ್ಸ್ ಪ್ರಕಾರ ಪರಮಾಧಿಕಾರಿ, ಎಂದರೆ ಎಲ್ಲರನ್ನೂ ಆಳುವವನು, ಒಪ್ಪಂದದಲ್ಲಿ ಕಕ್ಷಿದಾರನೇ ಅಲ್ಲ. ಒಪ್ಪಂದ ಆದದ್ದು ಜನಜನರ ನಡುವೆ. ಹಾಗಾಗಿ 'ರಾಜ ಮಾತು ತಪ್ಪಿದ' ಎನ್ನಲು ಯಾರಿಗೂ ದಾರಿಯಿಲ್ಲ. ಲಾಕ್ ಪ್ರಕಾರ ಸರ್ಕಾರ ನಂಬಿಕೆಯ ಮೇಲೆ ಹಿಡಿದುಕೊಂಡ ಹೊಣೆ, ನಂಬಿಕೆ ಮುರಿದಿದೆಯೇ ಎಂದು ತೀರ್ಮಾನಿಸುವವರು ಜನರೇ. ರೂಸೋ ಪ್ರಕಾರ ಕಾನೂನು ಮಾಡುವ ಅಧಿಕಾರ ಜನರ ಕೈ ಬಿಟ್ಟು ಹೋಗುವಂತೆಯೇ ಇಲ್ಲ. ಸರ್ಕಾರವೆಂಬುದು ಅವರ ಆಳು, ಬೇಕೆಂದಾಗ ಬದಲಿಸಬಹುದು.

ಉತ್ತರ ಪತ್ರಿಕೆಗಳಲ್ಲಿ ಪದೇಪದೇ ಕಾಣುವ ಇನ್ನೆರಡು ತಪ್ಪುಗಳು. 'ಹಾಬ್ಸ್ ದೈವದತ್ತ ರಾಜತ್ವದ ಪರ' ಎಂಬುದು ಸರಿಯಲ್ಲ. ಅವನ ರಾಜನಿಗೆ ಅಧಿಕಾರ ಬರುವುದು ಜನರ ಒಪ್ಪಂದದಿಂದ, ಆ ಜಾಗದಲ್ಲಿ ಒಂದು ಸಭೆಯೂ ಇರಬಹುದು. ರಾಜನಿದ್ದರೆ ಅನುಕೂಲ ಎಂದಷ್ಟೇ ಅವನ ವಾದ. ದೈವದತ್ತ ಹಕ್ಕಿನ ವಕೀಲ ಫಿಲ್ಮರ್, ಲಾಕ್‌ನ ಮೊದಲ ಪ್ರಬಂಧ ಇರುವುದೇ ಆತನ ಖಂಡನೆಗೆ. ಎರಡನೆಯದು, 'ಇಂಗ್ಲೆಂಡಿನಲ್ಲಿ ರಾಜನನ್ನು ಕೆಳಗಿಳಿಸಿದ 1688ರ ಕ್ರಾಂತಿಯನ್ನು ಲಾಕ್ ಸಮರ್ಥಿಸಲು ಪುಸ್ತಕ ಬರೆದ' ಎಂಬುದು. ಪುಸ್ತಕದ ಬಹುಭಾಗ ಕ್ರಾಂತಿಗೂ ಹಲವು ವರ್ಷ ಮೊದಲೇ ಬರೆದದ್ದು ಎಂದು ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್ ತೋರಿಸಿಕೊಟ್ಟ ಮೇಲೆ ವಿದ್ವಾಂಸರು ಹಾಗೆ ಬರೆಯುವುದನ್ನು ಬಿಟ್ಟಿದ್ದಾರೆ.

"ರೂಸೋ ಎಲ್ಲರೂ ಕಾಡಿಗೆ ಮರಳಿ ಎಂದು ಹೇಳಿದ್ದನೇ?"
— ಪಿಯು ವಿದ್ಯಾರ್ಥಿ, ಸಂಡೂರು

ಇಲ್ಲ. ಮರಳುವುದು ಸಾಧ್ಯವಿಲ್ಲ ಎಂದೇ ಅವನ ಮಾತು. ಅವನ ಹೆಸರಿಗೆ ಅಂಟಿಸುವ 'ಉದಾತ್ತ ಅನಾಗರಿಕ' (ನೋಬಲ್ ಸ್ಯಾವೇಜ್) ಎಂಬ ಪ್ರಯೋಗವೂ ಅವನದಲ್ಲ. ರೂಸೋ ಹುಟ್ಟಿದ್ದು 1712ರಲ್ಲಿ, ಆ ಮಾತು ಇಂಗ್ಲಿಷ್ ಕವಿ ಡ್ರೈಡನ್‌ನ ನಾಟಕದಲ್ಲಿ 1672ರಲ್ಲೇ ಅಚ್ಚಾಗಿತ್ತು.

"ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ. ಮೇಲಿನವರು ಭತ್ತ ಹಚ್ಚಿ ನೀರು ಮುಗಿಸ್ತಾರ. ನಮ್ಮ ತೂಬಿಗೆ ನೀರು ಮುಟ್ಟೋದ್ರಾಗ ಬೆಳೆ ಒಣಗಿರ್ತದ. ನೀವು ಬರೆದ ಈ ದೊಡ್ಡ ಮಂದಿ ಇದಕ್ಕ ಏನಂತಾರ? ಯಾರ ಮಾತು ನಮಗ ಉಪಯೋಗಕ್ಕ ಬರ್ತದ?"
— ರೈತರು, ಮಾನ್ವಿ ತಾಲ್ಲೂಕು

ಮಿಕ್ಕೆಲ್ಲ ಪ್ರಶ್ನೆಗಳಿಗಿಂತ ಇದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇವೆ. ಈ ಸಿದ್ಧಾಂತಗಳ ಗಟ್ಟಿತನವನ್ನು ಪರೀಕ್ಷಿಸಲು ಕಾಲುವೆಗಿಂತ ಒಳ್ಳೆಯ ಜಾಗವಿಲ್ಲ.

ಯೋಜನೆಯ ಮೂಲ ಲೆಕ್ಕ ನಿಮಗೆ ಗೊತ್ತಿರುವುದೇ. ಸ್ವಲ್ಪ ಸ್ವಲ್ಪ ನೀರನ್ನು ಬಹಳ ಎಕರೆಗೆ ಹರಡಿ ಬರದಿಂದ ಬೆಳೆ ಉಳಿಸಬೇಕು, ಹೆಚ್ಚಿನ ಜಮೀನಿನಲ್ಲಿ ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿರಬೇಕು, ಭತ್ತಕ್ಕೆ ಗುರುತಿಸಿದಷ್ಟೇ ಪ್ರದೇಶ ಎಂದಿತ್ತು. ಭತ್ತಕ್ಕೆ ಜೋಳದ ಎರಡರಷ್ಟಕ್ಕೂ ಮೀರಿ ನೀರು ಬೇಕು. ಮೇಲ್ಭಾಗದಲ್ಲಿ ಭತ್ತ ಹರಡಿದಂತೆ ಕೊನೆಭಾಗಕ್ಕೆ ಕಾಗದದ ಮೇಲಿನ ನೀರಷ್ಟೇ ಉಳಿಯಿತು.

ಮೇಲಿನವರದು ಬರೀ ದುರಾಸೆ ಎಂದುಕೊಂಡರೆ ಹಾಬ್ಸ್ ಒಪ್ಪುವುದಿಲ್ಲ. ಮೇಲ್ಭಾಗದ ಗಂಗಾವತಿ, ಕಾರಟಗಿ ಕಡೆಯ ಒಬ್ಬ ರೈತ ನಿಯಮದಂತೆ ಜೋಳವನ್ನೇ ಬಿತ್ತಿದ ಎನ್ನಿ. ಎರಡೂ ಬದಿಯ ಹೊಲದವರು ಭತ್ತ ಹಚ್ಚಿದ್ದಾರೆ. ಅವರ ಗದ್ದೆಯ ನೀರು ಬಸಿದು ಇವನ ಹೊಲ ಜೌಗಾಗುತ್ತದೆ, ಜೋಳ ಹಳದಿಯಾಗುತ್ತದೆ. ಮುಂದಿನ ವರ್ಷ ಅವನೂ ಭತ್ತವನ್ನೇ ಹಚ್ಚಬೇಕು, ಬೇರೆ ದಾರಿಯಿಲ್ಲ. ಮಿತವಾಗಿ ಬದುಕಬೇಕೆಂದವನನ್ನೂ ಸುತ್ತಲಿನ ಸ್ಥಿತಿ ಹೀಗೆ ಎಳೆದುಕೊಳ್ಳುತ್ತದೆಂಬುದೇ 13ನೇ ಅಧ್ಯಾಯದ ತಿರುಳು. ಹಾಬ್ಸ್‌ನ ಮದ್ದು, ಎಲ್ಲರೂ ಅಂಜುವ ಒಂದು ಬಲ. ಕತ್ತಿಯ ಬೆಂಬಲವಿಲ್ಲದ ಒಪ್ಪಂದ ಬರೀ ಮಾತು ಎನ್ನುತ್ತಾನೆ 17ನೇ ಅಧ್ಯಾಯದಲ್ಲಿ. ಕಾಲುವೆಗುಂಟ ನಿಷೇಧಾಜ್ಞೆ ಹೊರಡಿಸುವುದು, ಅಕ್ರಮ ಪಂಪ್‌ಸೆಟ್ ಕಿತ್ತುಹಾಕುವುದು, ಗೇಟಿಗೆ ಪೊಲೀಸರನ್ನು ಕಾಯಿಸುವುದು, ಇವೆಲ್ಲ ಅವನ ಬಗೆಯ ಉಪಾಯಗಳೇ.

ಆದರೂ ಕೆಲಸ ಕೆಡುವುದು ಯಾಕೆ? ಒಂದು, ಆ ಬಲ ಬರುವುದು ಗಲಾಟೆಯಾದ ಕೆಲವು ವಾರಗಳಿಗೆ ಮಾತ್ರ. ಆಮೇಲೆ ಪೈಪು ಮತ್ತೆ ಕಾಲುವೆಗೆ ಇಳಿಯುತ್ತದೆ. ಹಾಬ್ಸ್ ಕೇಳಿದ್ದು ಸದಾ ಇರುವ ಬಲವನ್ನು. ಎರಡು, ಗೇಟಿನ ಚಾವಿ ಹಿಡಿದವನೂ ಮನುಷ್ಯನೇ. ಈ ಎರಡನೇ ತೂತನ್ನು ಎತ್ತಿ ತೋರಿಸಿದವನು ಲಾಕ್. ಬೆಕ್ಕು ನರಿಗಳ ಕಾಟ ತಪ್ಪಿಸಿಕೊಳ್ಳಲು ಹೋಗಿ ಸಿಂಹದ ಬಾಯಿಗೆ ಬೀಳುವಷ್ಟು ಜನ ಮೂರ್ಖರೇ ಎಂದು 93ನೇ ಪರಿಚ್ಛೇದದಲ್ಲಿ ಕೇಳುತ್ತಾನೆ. ಅವನ ಮೂರು ಕೊರತೆಗಳನ್ನು ನಿಮ್ಮ ತೂಬಿಗೆ ಹಿಡಿದು ನೋಡಿ. ಕಾನೂನಿದೆ: 1965ರ ಕರ್ನಾಟಕ ನೀರಾವರಿ ಕಾಯ್ದೆ ಇದೆ, ಬೆಳೆ ಪದ್ಧತಿಯ ಆದೇಶವಿದೆ, ಸರದಿಯ ವೇಳಾಪಟ್ಟಿ ಇದೆ. ಬಲವೂ ಅಷ್ಟಿಷ್ಟು ಇದೆ. ಇಲ್ಲದ್ದು ನಡುವಿನದು, ಎರಡೂ ಕಡೆಗೆ ಸೇರದ ತೀರ್ಪುಗಾರ. ನೀರಾವರಿ ಸಲಹಾ ಸಮಿತಿಯಲ್ಲಿ ಕೂರುವ ಜನಪ್ರತಿನಿಧಿ ಮೇಲ್ಭಾಗದವರ ಮತದಿಂದಲೋ ಕೊನೆಭಾಗದವರ ಮತದಿಂದಲೋ ಗೆದ್ದು ಬಂದವರು. ತನ್ನ ವ್ಯಾಜ್ಯದಲ್ಲಿ ತಾನೇ ನ್ಯಾಯಾಧೀಶನಾಗಬಾರದು ಎಂಬ ಲಾಕ್‌ನ ಮೊದಲ ಸೂತ್ರವೇ ಅಲ್ಲಿ ಜಾರುತ್ತದೆ.

ಲಾಕ್‌ನನ್ನು ಪೂರ್ತಿ ನಿಮ್ಮ ಪಕ್ಷಕ್ಕೆ ಎಳೆದುಕೊಳ್ಳಲು ಹೋಗಬೇಡಿ. ಆಸ್ತಿಯ ಅಧ್ಯಾಯದಲ್ಲಿ ಅವನದು ಎರಡು ಮಾತು. ನೆಲಕ್ಕೆ ಬೆವರು ಬೆರೆಸಿದವನಿಗೆ ಅದರ ಮೇಲೆ ಹಕ್ಕು ಎಂಬುದು ಮೊದಲನೆಯದು. ಸಾಲ ಮಾಡಿ ಹೊಲ ಸಮ ಮಾಡಿಸಿ ಗದ್ದೆ ಕಟ್ಟಿದ ಮೇಲಿನವರು ಇದನ್ನೇ ಹಿಡಿದು ವಾದಿಸುತ್ತಾರೆ. ಉಳಿದವರಿಗೂ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು ಎಂಬ ಷರತ್ತು ಎರಡನೆಯದು. ನೀವು ಹಿಡಿಯಬೇಕಾದ್ದು ಇದನ್ನು. ಇಬ್ಬರ ಕೈಯಲ್ಲೂ ಒಂದೇ ಪುಸ್ತಕ!

ರೂಸೋ ಬೇರೆಯೇ ಪ್ರಶ್ನೆ ಹಾಕುತ್ತಾನೆ. ಕಾಲುವೆಯುದ್ದಕ್ಕೂ ಪ್ರತಿ ರೈತನನ್ನು 'ನಿನಗೆಷ್ಟು ನೀರು ಬೇಕು' ಎಂದು ಕೇಳಿ ಕೂಡಿಸಿದರೆ ಬರುವುದು ಎಲ್ಲರ ಇಚ್ಛೆಗಳ ಮೊತ್ತ. ಆ ಮೊತ್ತ ಜಲಾಶಯದಲ್ಲಿರುವುದಕ್ಕಿಂತ ಹೆಚ್ಚೇ ಇರುತ್ತದೆ. 'ಇಡೀ ಕಾಲುವೆಗೆ ಯಾವ ನಿಯಮ ಇರಬೇಕು' ಎಂದು ಕೇಳಿದಾಗ ಬರುವ ಉತ್ತರವನ್ನೇ ಅವನು ಸಾಮಾನ್ಯ ಇಚ್ಛೆ ಎನ್ನುವುದು. ಆದರೆ ಅದಕ್ಕೊಂದು ಪೂರ್ವಶರತ್ತು ಹಾಕಿದ್ದಾನೆ: ಇನ್ನೊಬ್ಬನನ್ನು ಕೊಂಡುಕೊಳ್ಳುವಷ್ಟು ಶ್ರೀಮಂತ ಯಾರೂ ಇರಬಾರದು, ತನ್ನನ್ನೇ ಮಾರಿಕೊಳ್ಳುವಷ್ಟು ಬಡವನೂ ಇರಬಾರದು. ನೂರು ಎಕರೆಯವನೂ ಎರಡು ಎಕರೆಯವನೂ ಒಂದೇ ಜಮಖಾನೆಯ ಮೇಲೆ ಕೂತ ಸಭೆಯಲ್ಲಿ ಇದು ಸುಲಭವಲ್ಲ. 1971ರಲ್ಲಿ ಅಮೆರಿಕದ ಚಿಂತಕ ಜಾನ್ ರಾಲ್ಸ್ ಇದಕ್ಕೊಂದು ಉಪಾಯ ಹೇಳಿದ. ನಿಯಮ ಮಾಡುವಾಗ ನಿನ್ನ ಹೊಲ ಕಾಲುವೆಯ ತಲೆಯಲ್ಲಿದೆಯೋ ಬಾಲದಲ್ಲಿದೆಯೋ ನಿನಗೆ ಗೊತ್ತಿಲ್ಲವೆಂದು ಭಾವಿಸಿಕೋ. ಹಾಗೆ ಭಾವಿಸಿ ಬರೆದರೆ ಭತ್ತದ ಹೆಚ್ಚುವರಿ ಎಕರೆಗಳಿಗೆ ಯಾರೂ ಸಹಿ ಹಾಕಲಾರರು.

ಉಪಯೋಗಕ್ಕೆ ಬರುವುದು ಯಾವುದು ಎಂದು ಕೇಳಿದ್ದೀರಿ. ನಮ್ಮ ಅಭಿಪ್ರಾಯದಲ್ಲಿ ಈ ಮೂವರೂ ಅಲ್ಲ. ಸಂಶೋಧಕರಾದ ರಾಬರ್ಟ್ ವೇಡ್ 1988ರಲ್ಲಿ, ಎಲಿನಾರ್ ಆಸ್ಟ್ರಮ್ 1990ರಲ್ಲಿ ಪ್ರಕಟಿಸಿದ ಅಧ್ಯಯನಗಳನ್ನು ನೋಡಬೇಕು. ವೇಡ್ ಓಡಾಡಿದ್ದು ನಿಮ್ಮ ಪಕ್ಕದ ಕರ್ನೂಲು ಜಿಲ್ಲೆಯ ಕಾಲುವೆ ಹಳ್ಳಿಗಳಲ್ಲಿ. ಅಲ್ಲಿ ಕೆಲವು ಊರುಗಳು ಯಾವ ಇಲಾಖೆಯನ್ನೂ ಕೇಳದೆ ತಾವೇ ನೀರುಗಂಟಿಗಳನ್ನು ನೇಮಿಸಿಕೊಂಡು, ಎಕರೆಗೆ ಇಷ್ಟೆಂದು ಕೂಲಿ ಗೊತ್ತು ಮಾಡಿದ್ದವು. ಎಲ್ಲ ಊರುಗಳೂ ಅಲ್ಲ, ಹೆಚ್ಚಾಗಿ ನೀರು ಕಷ್ಟವಾಗಿದ್ದ ಕೆಳಭಾಗದ ಊರುಗಳು. ಮೇಲಿನವರಿಗೆ ಸಂಘಟನೆಯ ಅಗತ್ಯವೇ ಬಿದ್ದಿರಲಿಲ್ಲ. ಮನುಷ್ಯ ಸ್ವಭಾವ ಎರಡೂ ಕಡೆ ಒಂದೇ, ನಡವಳಿಕೆ ಮಾತ್ರ ಬೇರೆ. ಹಲವು ದೇಶಗಳ ಇಂಥ ಉದಾಹರಣೆಗಳನ್ನು ಕೂಡಿಸಿ ನೋಡಿದ ಆಸ್ಟ್ರಮ್ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಬಾಳಿಕೆ ಬಂದ ವ್ಯವಸ್ಥೆಗಳಲ್ಲಿ ಕಾವಲುಗಾರ ಉತ್ತರ ಕೊಡಬೇಕಾದ್ದು ಬಳಕೆದಾರರಿಗೆ. ದಂಡ ಚಿಕ್ಕದರಿಂದ ಶುರುವಾಗಿ ತಪ್ಪು ಮರುಕಳಿಸಿದಂತೆ ಏರುತ್ತದೆ. ಜಗಳ ಬಿಡಿಸುವ ಜಾಗ ಹತ್ತಿರದಲ್ಲಿದ್ದು ಖರ್ಚಿಲ್ಲದೆ ಸಿಗುತ್ತದೆ.

ನಿಮ್ಮ ನೀರು ಬಳಕೆದಾರರ ಸಹಕಾರ ಸಂಘದಲ್ಲಿ ಇದನ್ನು ಹೀಗೆ ಇಳಿಸಬಹುದು. ಉಪಕಾಲುವೆಯ ಬಾಯಲ್ಲಿ ಗೇಜಿನ ಅಳತೆಯನ್ನು ದಿನಾ ಬೆಳಿಗ್ಗೆ ಸಂಜೆ ಬರೆದು, ಅದೇ ಅಂಕಿಯನ್ನು ಊರ ಬೋರ್ಡಿನಲ್ಲಿ ಹಾಕಿ. ಅಳತೆ ಓದಲು ಇಬ್ಬರಿರಲಿ, ಒಬ್ಬರು ಮೇಲ್ಭಾಗದವರು, ಒಬ್ಬರು ಕೊನೆಭಾಗದವರು. ನೀರುಗಂಟಿಯ ಕೂಲಿ ಕೊನೆಯ ತೂಬಿಗೆ ನೀರು ಮುಟ್ಟಿದ ಮೇಲೆ ಕೈಸೇರಲಿ. ಮೊದಲ ತಪ್ಪಿಗೆ ದೊಡ್ಡ ದಂಡ ಹಾಕಬೇಡಿ. ಹಾಕಿದರೆ ಯಾರೂ ಕಟ್ಟುವುದಿಲ್ಲ, ಒಮ್ಮೆ ಕಟ್ಟದೆ ದಕ್ಕಿಸಿಕೊಂಡವರನ್ನು ನೋಡಿ ಉಳಿದವರೂ ಕಟ್ಟುವುದಿಲ್ಲ. ಇಷ್ಟು ಮಾಡಿದರೂ ನಿಮ್ಮ ಉಪಕಾಲುವೆಯೊಳಗಿನ ಹಂಚಿಕೆ ಸರಿಹೋದೀತೇ ಹೊರತು ನೂರಾರು ಕಿಲೋಮೀಟರ್ ಮೇಲಿನ ಮುಖ್ಯ ಕಾಲುವೆಯ ಹಂಚಿಕೆ ಅಲ್ಲ. ಅಲ್ಲಿಗೆ ಮತ್ತೆ ಲಾಕ್‌ನ ತೀರ್ಪುಗಾರನೇ ಬೇಕು.

"ನಾನು ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ. ಹಾಗಿದ್ದ ಮೇಲೆ ಸರ್ಕಾರದ ಮಾತನ್ನು ಯಾಕೆ ಕೇಳಬೇಕು?"
— ವ್ಯಾಪಾರಿ, ಗಂಗಾವತಿ

ಇದೇ ಆಕ್ಷೇಪವನ್ನು ಸ್ಕಾಟ್ಲೆಂಡಿನ ಚಿಂತಕ ಡೇವಿಡ್ ಹ್ಯೂಮ್ 1748ರಲ್ಲಿ ಎತ್ತಿದ್ದ. ಲಾಕ್‌ನ ಉತ್ತರ 119ನೇ ಪರಿಚ್ಛೇದದಲ್ಲಿದೆ: ದೇಶದೊಳಗೆ ಜಮೀನು ಹೊಂದಿದ್ದರೆ, ಅಷ್ಟೇಕೆ, ಹೆದ್ದಾರಿಯಲ್ಲಿ ನಿರಾತಂಕವಾಗಿ ಓಡಾಡಿದರೂ ಅದು ಮೌನ ಸಮ್ಮತಿ. ಹ್ಯೂಮ್ ನಕ್ಕ. ಪರಭಾಷೆ ಬಾರದ, ದಿನದ ಕೂಲಿಯಲ್ಲಿ ಬದುಕುವ ಬಡವನಿಗೆ ದೇಶ ಬಿಟ್ಟುಹೋಗುವ ಸ್ವಾತಂತ್ರ್ಯ ಎಲ್ಲಿದೆ? ನಿದ್ದೆಯಲ್ಲಿದ್ದವನನ್ನು ಹೊತ್ತು ಹಡಗಿಗೆ ಹಾಕಿ, 'ಹಡಗಿನಲ್ಲಿದ್ದೀಯ, ಆದ್ದರಿಂದ ಕಪ್ತಾನನಿಗೆ ಒಪ್ಪಿದ್ದೀಯ, ಬೇಡವಾದರೆ ಸಮುದ್ರಕ್ಕೆ ಹಾರು' ಎಂದಂತಾಯಿತು ಎಂದ. ಹ್ಯೂಮ್ ಪ್ರಕಾರ ಸರ್ಕಾರಕ್ಕೆ ವಿಧೇಯರಾಗಲು ಒಪ್ಪಂದದ ಕಥೆ ಬೇಕಿಲ್ಲ, ವಿಧೇಯತೆಯಿಲ್ಲದೆ ಸಮಾಜ ನಡೆಯುವುದಿಲ್ಲ ಎಂಬ ಕಾರಣವೇ ಸಾಕು. ಈ ವಾದದಲ್ಲಿ ಹ್ಯೂಮ್ ಗೆದ್ದಿದ್ದಾನೆ ಎಂದೇ ನಮ್ಮ ಎಣಿಕೆ. ಹಾಗೆಂದು ತೆರಿಗೆ ಕಟ್ಟುವುದನ್ನು ನಿಲ್ಲಿಸಬೇಡಿ. ಮತ ಹಾಕುತ್ತೇನಲ್ಲ, ಅದೇ ಸಮ್ಮತಿ ಎನ್ನುವವರಿಗೆ ರೂಸೋನ ಚುಚ್ಚುಮಾತು ಕಾದಿದೆ: ಇಂಗ್ಲಿಷರು ಸ್ವತಂತ್ರರಾಗಿರುವುದು ಚುನಾವಣೆಯ ಹೊತ್ತಿನಲ್ಲಿ ಮಾತ್ರ, ಅದು ಮುಗಿದ ಕೂಡಲೇ ಮತ್ತೆ ಗುಲಾಮರು.

"ನಮ್ಮ ಹಿರಿಯರು ನಿಜಾಮನ ಆಳ್ವಿಕೆಯ ವಿರುದ್ಧ ಹೋರಾಡಿದವರು. ಹಾಬ್ಸ್ ಪ್ರಕಾರ ಅವರು ಮಾಡಿದ್ದು ತಪ್ಪೇ?"
— ನಿವೃತ್ತ ಶಿಕ್ಷಕರು, ಯಲಬುರ್ಗಾ

ಹಾಬ್ಸ್ ನೀವು ಅಂದುಕೊಂಡಷ್ಟು ಕಟುಕನಲ್ಲ. ಪರಮಾಧಿಕಾರಿಗೆ ತಿರುಗಿ ಬೀಳುವ ಹಕ್ಕನ್ನು ಆತ ಕೊಡುವುದಿಲ್ಲ, ನಿಜ. ಆದರೆ 21ನೇ ಅಧ್ಯಾಯದಲ್ಲಿ ಒಂದು ಬಾಗಿಲು ತೆರೆದೇ ಇಟ್ಟಿದ್ದಾನೆ: ಪ್ರಜೆಯ ವಿಧೇಯತೆ ಇರುವುದು ಆಳುವವನಿಗೆ ಅವನನ್ನು ಕಾಪಾಡುವ ಶಕ್ತಿ ಇರುವವರೆಗೆ ಮಾತ್ರ. ಜೊತೆಗೆ, ಕೊಲ್ಲಲು ಬಂದವನಿಂದ ತಪ್ಪಿಸಿಕೊಳ್ಳುವ ಹಕ್ಕನ್ನು ಯಾವ ಒಪ್ಪಂದದಿಂದಲೂ ಬಿಟ್ಟುಕೊಡಲಾಗದು. 1947–48ರಲ್ಲಿ ರಾಯಚೂರು, ಕೊಪ್ಪಳ ಭಾಗದ ಹಳ್ಳಿಗಳಲ್ಲಿ ರಜಾಕಾರರೆಂಬ ಖಾಸಗಿ ಪಡೆ ಕೊಳ್ಳೆ ಹೊಡೆಯುವಾಗ ನಿಜಾಮನ ಹೈದರಾಬಾದ್ ಸಂಸ್ಥಾನದ ಆಡಳಿತ ತಡೆಯಲಿಲ್ಲ. ಜನ ಗಡಿ ದಾಟಿ ಮುಂಡರಗಿ, ಗಜೇಂದ್ರಗಡದ ಶಿಬಿರಗಳನ್ನು ಸೇರಿದರು. ಕಾಪಾಡದ ದೊರೆಗೆ ವಿಧೇಯತೆಯ ಬಾಕಿ ಇಲ್ಲ ಎಂದು ಹಾಬ್ಸ್ ಲೆಕ್ಕ ಮುಗಿಸುತ್ತಾನೆ.

ಆದರೆ ಅಲ್ಲಿಂದ ಮುಂದಕ್ಕೆ ಅವನು ಬರುವುದಿಲ್ಲ. ಗಡಿ ದಾಟಿದ್ದು ಸರಿ, ಶಿಬಿರ ಕಟ್ಟಿ ಮರಳಿ ಠಾಣೆಗಳ ಮೇಲೆ ಬಿದ್ದದ್ದು, ಜನರಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರ ಬೇಕೆಂದದ್ದು, ಇವಕ್ಕೆ ಲಾಕ್‌ನ ಬಳಿ ಹೋಗಬೇಕು. 'ಹೀಗೆ ಬಿಟ್ಟರೆ ಸಣ್ಣಪುಟ್ಟದಕ್ಕೂ ಜನ ದಂಗೆ ಏಳುತ್ತಾರೆ' ಎಂಬ ಆಕ್ಷೇಪಕ್ಕೆ 225ನೇ ಪರಿಚ್ಛೇದದಲ್ಲಿ ಲಾಕ್ ಉತ್ತರಿಸಿದ್ದಾನೆ. ಆಳುವವರ ಎಷ್ಟೋ ತಪ್ಪುಗಳನ್ನು ಜನ ಗೊಣಗದೆ ನುಂಗುತ್ತಾರೆ. ಒಂದರ ಹಿಂದೊಂದು ದೌರ್ಜನ್ಯ ಸಾಲುಗಟ್ಟಿ, ಅದರ ಹಿಂದಿನ ಉದ್ದೇಶ ಕಣ್ಣಿಗೆ ಹೊಡೆದಾಗ ಮಾತ್ರ ಏಳುತ್ತಾರೆ. ನಿಜಾಮ ಭಾರತಕ್ಕೆ ಶರಣಾದ 1948ರ ಸೆಪ್ಟೆಂಬರ್ 17ಕ್ಕೆ ಮುಂಚಿನ ವರ್ಷಗಳಿಗೆ ಈ ವಿವರಣೆ ಹೆಚ್ಚು ಹೊಂದುತ್ತದೆ.

"ಕೌಟಿಲ್ಯನನ್ನು ಭಾರತದ ಮ್ಯಾಕಿಯವೆಲ್ಲಿ ಎನ್ನುವುದು ಸರಿಯೇ?"
— ಸ್ಪರ್ಧಾತ್ಮಕ ಪರೀಕ್ಷಾರ್ಥಿ, ರಾಯಚೂರು

ಬಹಳ ದೂರ ಹೋಗುವ ಹೋಲಿಕೆಯಲ್ಲ. ಇಟಲಿಯ ಚಿಂತಕ ಮ್ಯಾಕಿಯವೆಲ್ಲಿಯ 'ಪ್ರಿನ್ಸ್' 1513ರಲ್ಲಿ ಬರೆದದ್ದು, ಅಚ್ಚಾದದ್ದು 1532ರಲ್ಲಿ. ಹೊಸದಾಗಿ ಗದ್ದುಗೆ ಹಿಡಿದವನು ಅದನ್ನು ಉಳಿಸಿಕೊಳ್ಳುವ ಬಗೆ ಹೇಳುವ ಚಿಕ್ಕ ಪುಸ್ತಕ. ಕೌಟಿಲ್ಯನ 'ಅರ್ಥಶಾಸ್ತ್ರ' ಒಂದು ಇಡೀ ಆಡಳಿತದ ಕೈಪಿಡಿ. ಗಣಿ, ಸುಂಕ, ತೂಕ, ಕೋಟೆ, ಕೃಷಿ ಎಲ್ಲವೂ ಅದರಲ್ಲಿದೆ. ಹಸ್ತಪ್ರತಿಯನ್ನು ಮೈಸೂರಿನಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದವರು ಆರ್. ಶಾಮಶಾಸ್ತ್ರಿ.

ಮನುಷ್ಯ ಸ್ವಭಾವದ ಬಗ್ಗೆ ಕೌಟಿಲ್ಯನಿಗೆ ಭ್ರಮೆಗಳಿಲ್ಲ. ಆದರೆ ಹಾಬ್ಸ್ ಪ್ರಜೆಯ ಮೇಲೆ ಕಣ್ಣಿಟ್ಟರೆ, ಕೌಟಿಲ್ಯ ಕಣ್ಣಿಡುವುದು ಅಧಿಕಾರಿಯ ಮೇಲೆ. ನಾಲಿಗೆಯ ಮೇಲಿಟ್ಟ ಜೇನನ್ನು ಸವಿಯದಿರುವುದು ಹೇಗೆ ಆಗದೋ ಹಾಗೆ ರಾಜನ ಹಣ ಕೈಯಲ್ಲಿದ್ದವನು ಅದರ ರುಚಿ ನೋಡದಿರಲಾರ. ನೀರೊಳಗಿನ ಮೀನು ಯಾವಾಗ ನೀರು ಕುಡಿಯಿತೆಂದು ತಿಳಿಯದು, ಅಧಿಕಾರಿ ಯಾವಾಗ ನುಂಗಿದನೆಂಬುದೂ ತಿಳಿಯದು. ಇಷ್ಟು ಹೇಳಿ ಸುಮ್ಮನಾಗದೆ, ಬೊಕ್ಕಸ ಕದಿಯುವ 40 ಬಗೆಗಳನ್ನು ಪಟ್ಟಿ ಮಾಡುತ್ತಾನೆ: ಬಂದ ಹಣವನ್ನು ತಡವಾಗಿ ಬರೆಯುವುದು, ಒಬ್ಬ ಕೊಟ್ಟಿದ್ದನ್ನು ಇನ್ನೊಬ್ಬನ ಹೆಸರಿಗೆ ಹಾಕುವುದು, ತೂಕ ಅಳತೆಯಲ್ಲಿ ಮೋಸ, ಹೀಗೆ. ಗಣಿಯ ಲಾರಿಗಳನ್ನೂ ಪರ್ಮಿಟ್‌ಗಳನ್ನೂ ಕಂಡ ಬಳ್ಳಾರಿ ಸೀಮೆಯವರಿಗೆ ಈ ಪಟ್ಟಿಯ ವ್ಯಾಖ್ಯಾನ ಬೇಕಿಲ್ಲ.

ಪರೀಕ್ಷೆಯಲ್ಲಿ ಬರೆದರೆ ಎದ್ದು ಕಾಣುವ ಅಂಶ ಇನ್ನೊಂದಿದೆ. ದೊಡ್ಡ ಮೀನು ಸಣ್ಣದನ್ನು ನುಂಗುವ ಮತ್ಸ್ಯನ್ಯಾಯದಿಂದ ನೊಂದ ಜನ ಮನುವನ್ನು ರಾಜನನ್ನಾಗಿ ಮಾಡಿಕೊಂಡು, ಧಾನ್ಯದ ಆರನೇ ಒಂದು, ಸರಕಿನ ಹತ್ತನೇ ಒಂದು ಭಾಗ ಕೊಡಲು ಒಪ್ಪಿದರು ಎಂಬ ಒಪ್ಪಂದದ ಕಥೆ ಅರ್ಥಶಾಸ್ತ್ರದಲ್ಲಿದೆ. ಆದರೆ ಅದನ್ನು ಹೇಳುವವರು ಯಾರು? ಜನ ಸೇರುವಲ್ಲಿ ಬೇಕೆಂದೇ ವಾದ ಹೂಡುವ ಗೂಢಚಾರರು! ರಾಜನನ್ನು ಬೈಯುವವರ ಬಾಯಿ ಮುಚ್ಚಿಸಲು ಅವರಿಗೆ ಕಲಿಸಿಕೊಟ್ಟ ಪಾಠ ಅದು. ಹಾಬ್ಸ್, ಲಾಕ್‌ರಿಗೆ ಒಪ್ಪಂದವೆಂಬುದು ಅಧಿಕಾರದ ಬುನಾದಿ, ಕೌಟಿಲ್ಯನಿಗೆ ಆಡಳಿತದ ಹತ್ತಾರು ಸಾಧನಗಳಲ್ಲಿ ಒಂದು. ಹಾಗೆಂದು ದಂಡವೇ ಸರ್ವಸ್ವವೆಂದು ಅವನು ಹೇಳಲಿಲ್ಲ. ಕಠಿಣ ದಂಡಕ್ಕೆ ಜನ ನಡುಗುತ್ತಾರೆ, ಮೃದು ದಂಡವನ್ನು ಕಡೆಗಣಿಸುತ್ತಾರೆ, ತಕ್ಕ ದಂಡವನ್ನು ಗೌರವಿಸುತ್ತಾರೆ. ಮ್ಯಾಕಿಯವೆಲ್ಲಿ ಹತ್ತಿರ ಬರುವುದು ಇಲ್ಲಿ: ಜನ ರಾಜನಿಗೆ ಹೆದರಲಿ, ಆದರೆ ಅವನನ್ನು ದ್ವೇಷಿಸುವಂತಾಗಬಾರದು. ಅದಕ್ಕೆ ಮೊದಲ ಉಪಾಯ ಪ್ರಜೆಗಳ ಆಸ್ತಿಗೆ ಕೈಹಾಕದಿರುವುದು. ಜನ ಅಪ್ಪ ಸತ್ತದ್ದನ್ನಾದರೂ ಮರೆತಾರು, ಪಿತ್ರಾರ್ಜಿತ ಹೋದದ್ದನ್ನು ಮರೆಯರು.

"ಈ ಸಾಲಿನಲ್ಲಿ ಅಂಬೇಡ್ಕರ್ ಅವರನ್ನು ಎಲ್ಲಿ ಕೂರಿಸಬೇಕು?"
— ಪದವಿ ವಿದ್ಯಾರ್ಥಿ, ಸಿರುಗುಪ್ಪ

ಯಾರ ಪಕ್ಕವೂ ಬೇಡ, ಎದುರಿಗೆ ಕೂರಿಸಿ. ಹಾಬ್ಸ್, ಲಾಕ್, ರೂಸೋ ಮೂವರೂ ಸಮಾಜವಿಲ್ಲದ ಒಂಟಿ ಮನುಷ್ಯನಿಂದ ಶುರು ಮಾಡುತ್ತಾರೆ. ಅಂಬೇಡ್ಕರ್ ಶುರು ಮಾಡುವುದು ಜಾತಿಯೊಳಗೆ ಹುಟ್ಟಿದ ಮನುಷ್ಯನಿಂದ. ಲಾಕ್‌ಗೆ ಭಯ ಇರುವುದು ಆಳುವವನಿಂದ. ಅಂಬೇಡ್ಕರರಿಗೆ ಊರಿನಿಂದಲೂ ಭಯ. ಸಂವಿಧಾನದ 17ನೇ ವಿಧಿಯನ್ನು ಗಮನಿಸಿ. ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರದ ಕೈ ಕಟ್ಟುತ್ತವೆ. ಅಸ್ಪೃಶ್ಯತೆಯನ್ನು ರದ್ದು ಮಾಡುವ ಈ ವಿಧಿ ಪಕ್ಕದ ಮನೆಯವನ, ಹೋಟೆಲಿನವನ, ಕ್ಷೌರದಂಗಡಿಯವನ ಕೈಯನ್ನೂ ಕಟ್ಟುತ್ತದೆ. ಅದಕ್ಕೆ ಬಲವಾದ ಸರ್ಕಾರವೇ ಬೇಕು. ಅದೇ ಹೊತ್ತಿಗೆ ಸಂವಿಧಾನ ರಚನಾ ಸಭೆಯಲ್ಲಿ 1949ರ ನವೆಂಬರ್ 25ರ ಭಾಷಣದಲ್ಲಿ, ಎಷ್ಟೇ ದೊಡ್ಡವನಿರಲಿ, ಒಬ್ಬನ ಕಾಲಬಳಿ ನಿಮ್ಮ ಸ್ವಾತಂತ್ರ್ಯವನ್ನು ಇಡಬೇಡಿ ಎಂದು ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್‌ನ ಮಾತನ್ನು ನೆನಪಿಸುತ್ತಾರೆ. ಅದಕ್ಕೂ ಒಂದು ವರ್ಷ ಹಿಂದೆ, 1948ರ ನವೆಂಬರ್ 4ರಂದು, ಸಾಂವಿಧಾನಿಕ ನೈತಿಕತೆ (ಸಂವಿಧಾನದ ರೀತಿನೀತಿಗೆ ತಾವಾಗಿಯೇ ಬದ್ಧರಾಗಿರುವುದು) ಹುಟ್ಟಿನಿಂದ ಬರುವ ಗುಣವಲ್ಲ, ರೂಢಿಸಿಕೊಳ್ಳಬೇಕಾದದ್ದು ಎಂದಿದ್ದರು. ಮನುಷ್ಯ ಸ್ವಭಾವದ ಬಗ್ಗೆ ಅವರ ನಿಲುವು ಒಂದೇ ಸಾಲಿನಲ್ಲಿ ಬೇಕಿದ್ದರೆ ಅದು ಆ ಭಾಷಣದಲ್ಲಿದೆ.

"ಈ ಒಪ್ಪಂದಗಳಲ್ಲಿ ಹೆಣ್ಣುಮಕ್ಕಳು ಎಲ್ಲಿದ್ದಾರೆ?"
— ಓದುಗರು, ಲಿಂಗಸುಗೂರು

ಹುಡುಕಿದರೆ ಅಚ್ಚರಿ ಕಾದಿದೆ. ಎಲ್ಲರೂ ಬೈಯುವ ಹಾಬ್ಸ್ ಇಲ್ಲಿ ಮುಂದಿದ್ದಾನೆ. ನಿಸರ್ಗ ಸ್ಥಿತಿಯಲ್ಲಿ ಮಗುವಿನ ಮೇಲೆ ಅಧಿಕಾರ ತಾಯಿಯದು, ರಾಜ್ಯಗಳಲ್ಲಿ ಅದು ತಂದೆಗೆ ಹೋಗಿದ್ದರೆ ಕಾರಣ ರಾಜ್ಯಗಳನ್ನು ಕಟ್ಟಿದವರು ಹೆಚ್ಚಾಗಿ ಗಂಡಸರು ಎಂದು 20ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಸಮ್ಮತಿಯ ಪ್ರತಿಪಾದಕ ಲಾಕ್ ಮಾತ್ರ, ಗಂಡ ಹೆಂಡತಿಯ ಮಾತು ಹೊಂದದಿದ್ದಲ್ಲಿ ಕೊನೆಯ ಮಾತು 'ಹೆಚ್ಚು ಸಮರ್ಥನೂ ಬಲಿಷ್ಠನೂ' ಆದ ಗಂಡನದು ಎಂದುಬಿಡುತ್ತಾನೆ. ಸಮಾನತೆಯ ರೂಸೋ ಇನ್ನೂ ಹಿಂದೆ: 1762ರ 'ಎಮಿಲ್'ನ ಐದನೇ ಭಾಗದಲ್ಲಿ ಹೆಣ್ಣಿನ ಶಿಕ್ಷಣವೆಲ್ಲ ಗಂಡನ್ನು ಮೆಚ್ಚಿಸುವುದಕ್ಕೆ. ಇಂಗ್ಲಿಷ್ ಲೇಖಕಿ ಮೇರಿ ವೊಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಇದನ್ನು ಎಳೆಎಳೆಯಾಗಿ ಬಿಡಿಸಿ ಹಾಕಿದಳು. 1869ರಲ್ಲಿ ಅದೇ ಮಿಲ್, 'ಹೆಣ್ಣಿನ ಸ್ವಭಾವ' ಎಂದು ಕರೆಯುವುದೇ ಕೃತಕವಾಗಿ ಮಾಡಿದ್ದು ಎಂದ. ಮನುಷ್ಯ ಸ್ವಭಾವದ ಮೇಲೆ ಸಿದ್ಧಾಂತ ಕಟ್ಟುವ ಎಲ್ಲರಿಗೂ ಈ ಮಾತು ತಾಗುತ್ತದೆ.

"ನಮ್ಮೂರ ಅಶೋಕನ ಶಾಸನಕ್ಕೂ ಈ ಚರ್ಚೆಗೂ ಸಂಬಂಧ ಉಂಟೇ?"
— ಮಸ್ಕಿ

ಉಂಟು. 1915ರಲ್ಲಿ ಪತ್ತೆಯಾದ ಮಸ್ಕಿ ಶಾಸನ ಪ್ರಸಿದ್ಧವಾದದ್ದು 'ಅಶೋಕ' ಎಂಬ ಹೆಸರಿರುವುದರಿಂದ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರಿದೆ. ಆದರೆ ಒಳಗಿನ ಮಾತನ್ನು ಓದಿ: ಧರ್ಮದ ಈ ಗುರಿಯನ್ನು ದೊಡ್ಡವರು ಮಾತ್ರವಲ್ಲ, ಸಣ್ಣವರೂ ಪ್ರಯತ್ನದಿಂದ ಮುಟ್ಟಬಹುದು. ರಾಜನೊಬ್ಬ ಬಂಡೆಯ ಮೇಲೆ ಆಜ್ಞೆಯ ಬದಲು ಮನವೊಲಿಕೆ ಬರೆಸಿದ್ದಾನೆ. ಮನುಷ್ಯ ತಿದ್ದಿಕೊಳ್ಳಬಲ್ಲ ಎಂಬ ನಂಬಿಕೆ ಇಲ್ಲದೆ ಇದು ಸಾಧ್ಯವಿಲ್ಲ. ಅಷ್ಟಕ್ಕೇ ಅಶೋಕನನ್ನು ಬರೀ ಸಾತ್ವಿಕನೆಂದು ತಿಳಿಯಬೇಡಿ. ಬೇರೆಡೆ ಸಿಗುವ 13ನೇ ಬಂಡೆಗಲ್ಲು ಶಾಸನದಲ್ಲಿ, ಕಳಿಂಗ ಯುದ್ಧದ ಪಶ್ಚಾತ್ತಾಪದ ನಡುವೆಯೂ ಕಾಡಿನ ಜನರಿಗೆ ತನ್ನ ಬಲವನ್ನು ನೆನಪಿಸುತ್ತಾನೆ.

"ಮೂಲ ಪುಸ್ತಕಗಳನ್ನೇ ಓದಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?"
— ಅತಿಥಿ ಉಪನ್ಯಾಸಕರು, ಕುಷ್ಟಗಿ

ಮೊದಲ ಪುಟದಿಂದ ಬೇಡ. 'ಲೆವಯಥನ್'ನಲ್ಲಿ 47 ಅಧ್ಯಾಯಗಳಿವೆ, ಮೊದಲ ಹನ್ನೆರಡರಲ್ಲೇ ಬಹಳ ಜನ ಕೈಬಿಡುತ್ತಾರೆ. 13, 14, 17, 18, 21 ಈ ಐದನ್ನು ಓದಿ, ಆಮೇಲೆ 20 ಮತ್ತು 29. ಲಾಕ್‌ನ ಎರಡನೇ ಪ್ರಬಂಧ 19 ಅಧ್ಯಾಯ, 243 ಪರಿಚ್ಛೇದ. ಅದರಲ್ಲಿ 2, 3, 5, 8, 9, 19ನೇ ಅಧ್ಯಾಯಗಳು. ಟಿಪ್ಪಣಿ ಮಾಡುವಾಗ ಪುಟಸಂಖ್ಯೆ ಬರೆಯಬೇಡಿ, ಪರಿಚ್ಛೇದದ ಸಂಖ್ಯೆ ಬರೆಯಿರಿ, ಯಾವ ಮುದ್ರಣದಲ್ಲೂ ಅದು ಬದಲಾಗದು. ರೂಸೋನಲ್ಲಿ 'ಅಸಮಾನತೆ' ಮೊದಲು, 'ಸಾಮಾಜಿಕ ಒಪ್ಪಂದ' ಆಮೇಲೆ. ಕ್ರಮ ತಪ್ಪಿದರೆ ಎರಡನೆಯದು ಎಲ್ಲಿಂದಲೋ ಉದುರಿದಂತೆ ಕಾಣುತ್ತದೆ. ಅದರ ಮೊದಲ ಭಾಗದ ಒಂಬತ್ತು ಅಧ್ಯಾಯಗಳು ತೀರಾ ಚಿಕ್ಕವು, ಒಂದೇ ಕೂರಿಕೆಯಲ್ಲಿ ಮುಗಿಯುತ್ತವೆ. 'ಸ್ವತಂತ್ರನಾಗುವಂತೆ ಬಲವಂತ ಮಾಡಬೇಕು' ಎಂಬ ಕುಖ್ಯಾತ ಮಾತು ಏಳನೆಯದರಲ್ಲಿದೆ. ಹಿಂದು ಮುಂದಿನ ಪುಟ ಓದದೆ ಅದನ್ನು ತರಗತಿಯಲ್ಲಿ ಉದ್ಧರಿಸಬೇಡಿ.

ಪುಸ್ತಕ ಕೊಳ್ಳುವಾಗ ಒಂದು ಎಚ್ಚರಿಕೆ. ಹಾಬ್ಸ್‌ನ ಸಂಕ್ಷಿಪ್ತ ಮುದ್ರಣಗಳು ಮೂರು, ನಾಲ್ಕನೇ ಭಾಗಗಳನ್ನು ಕತ್ತರಿಸಿಬಿಡುತ್ತವೆ. ಪುಸ್ತಕದ ಅರ್ಧದಷ್ಟಿರುವ ಆ ಭಾಗಗಳು ಧರ್ಮ ಮತ್ತು ಚರ್ಚಿನ ಅಧಿಕಾರದ ಬಗ್ಗೆ. ದೇವರ ಮಾತಿನ ಅರ್ಥವನ್ನು ಪಾದ್ರಿ ಹೇಳಬೇಕೋ ಅರಸ ಹೇಳಬೇಕೋ ಎಂಬ ಪ್ರಶ್ನೆಯನ್ನು ಆತ ಅಲ್ಲೇ ಬಗೆಹರಿಸುವುದು. ತನ್ನ ಕಾಲದವರನ್ನು ಅತಿ ಹೆಚ್ಚು ಕೆರಳಿಸಿದ ಪುಟಗಳೂ ಅವೇ. ವಿಷಯಸೂಚಿಯಲ್ಲಿ 47ನೇ ಅಧ್ಯಾಯ ಇದೆಯೇ ಎಂದು ನೋಡಿ ಕೊಳ್ಳಿ.